ಓದುಗರ ಪ್ರಶ್ನೆ, ನಮ್ಮ ಉತ್ತರ: ತುಂಗಭದ್ರೆಯ ಉದ್ದಕ್ಕೂ ಹಸಿರಿನ ಲೆಕ್ಕ

ತುಂಗೆ 147 ಕಿ.ಮೀ., ಭದ್ರೆ 171 ಕಿ.ಮೀ. ಹರಿದು ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ಸೇರುತ್ತವೆ. ಅಲ್ಲಿಂದ ಇನ್ನೂ 531 ಕಿ.ಮೀ. ಹರಿಯುವ ತುಂಗಭದ್ರೆ ಕೃಷ್ಣೆಗೆ ಸೇರುವ ಹೊತ್ತಿಗೆ ಸುಮಾರು 71,000 ಚದರ ಕಿ.ಮೀ. ನೆಲದ ನೀರು ಅದರಲ್ಲಿ ಬೆರೆತಿರುತ್ತದೆ. ಈ ನೆಲದಲ್ಲಿ ಎಲ್ಲಿ ಎಷ್ಟು ಬೆಳೆಯುತ್ತದೆ, ಯಾಕೆ ಹಾಗೆ ಎಂದು ಕೇಳಿ ಬಂದ ಪತ್ರಗಳಿಗೆ ಈ ಬಾರಿಯ ಅಂಕಣ ಮೀಸಲು.

ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿ.ಮೀ. ದಾಟಿ ಮಳೆ, ಬಳ್ಳಾರಿಯಲ್ಲಿ ಐನೂರರ ಆಸುಪಾಸು. ಹಾಗಾದರೆ ಆಗುಂಬೆಯ ಗಿಡಮರ ಬಳ್ಳಾರಿಯದಕ್ಕಿಂತ ಹದಿನೈದು ಪಟ್ಟು ಬೆಳೆಯುತ್ತದೆಯೇ? ತರಗತಿಯಲ್ಲಿ ಮಕ್ಕಳು ಕೇಳಿದ ಪ್ರಶ್ನೆ.
— ಶಿಕ್ಷಕಿ, ತೀರ್ಥಹಳ್ಳಿ

ಇಲ್ಲ. ಹೆಚ್ಚೆಂದರೆ ಐದು ಪಟ್ಟು.

ಮೊದಲು ಅಳತೆ ಯಾವುದು ಅಂತ ಹೇಳಿಬಿಡುತ್ತೇವೆ. ಎಲೆ ಬಿಸಿಲು ಹಿಡಿದು ಒಟ್ಟು ಎಷ್ಟು ಇಂಗಾಲವನ್ನು ಒಳಗೆಳೆದುಕೊಂಡಿತು ಎಂಬುದು ಜಿಪಿಪಿ. ಅದರಲ್ಲಿ ಸರಿಸುಮಾರು ಅರ್ಧವನ್ನು ಗಿಡ ತನ್ನ ಉಸಿರಾಟಕ್ಕೇ ಸುಟ್ಟುಕೊಳ್ಳುತ್ತದೆ. ಉಳಿದು ಎಲೆ, ಕಾಂಡ, ಬೇರು, ಕಾಳಾಗುವ ಭಾಗ ಎನ್‌ಪಿಪಿ. ಎರಡನ್ನೂ ಒಂದು ಚದರ ಮೀಟರಿಗೆ ವರ್ಷಕ್ಕೆ ಇಷ್ಟು ಗ್ರಾಂ ಇಂಗಾಲ ಎಂದು ಹೇಳುವುದು ರೂಢಿ. ಉಷ್ಣವಲಯದ ನಿತ್ಯಹರಿದ್ವರ್ಣ ಕಾಡಿನ ಎನ್‌ಪಿಪಿ ಸುಮಾರು 1,000 ಗ್ರಾಂ. ಬಳ್ಳಾರಿಯ ಎರೆ ಹೊಲದಲ್ಲಿ ಎಕರೆಗೆ 5 ಕ್ವಿಂಟಾಲ್ ಬರುವ ಹಿಂಗಾರಿ ಜೋಳವನ್ನು ಕಾಳು, ದಂಟು, ಬೇರು ಸೇರಿಸಿ ಇಂಗಾಲಕ್ಕೆ ಪರಿವರ್ತಿಸಿದರೆ 200 ಗ್ರಾಂ ಆಸುಪಾಸು ಬರುತ್ತದೆ.

ಮಳೆ ಹದಿನೈದು ಪಟ್ಟು ಇದ್ದೂ ಬೆಳವಣಿಗೆ ಐದೇ ಪಟ್ಟು ಯಾಕೆ ಅಂದರೆ, ಕಾಡು ಕುಡಿಯುವ ನೀರಿಗೆ ಮಿತಿ ಇದೆ. ಎಲೆಯಿಂದ ಆವಿಯಾಗುವುದು, ಎಲೆಯ ಮೇಲೆ ಕೂತು ಆರುವುದು, ನೆಲದಿಂದ ಆರುವುದು ಎಲ್ಲ ಸೇರಿದರೂ ವರ್ಷಕ್ಕೆ 1,200ರಿಂದ 1,500 ಮಿ.ಮೀ. ದಾಟುವುದಿಲ್ಲ, ಏಕೆಂದರೆ ನೀರನ್ನು ಆವಿ ಮಾಡುವ ಶಕ್ತಿ ಬಿಸಿಲಿನಿಂದ ಬರಬೇಕು. ಉಳಿದ ಐದಾರು ಸಾವಿರ ಮಿ.ಮೀ. ಮಾಲತಿ ಹೊಳೆ ಸೇರಿ ತುಂಗೆಗೆ ಹೋಗುತ್ತದೆ. ಆಗುಂಬೆಯ ಪಾಲಿಗೆ ಅದು ಬೇಡದ ನೀರು. ಅದು ಎಲ್ಲಿ ಬೆಳೆಯಾಗುತ್ತದೆ ಎಂಬುದನ್ನು ಗಂಗಾವತಿಯ ಪತ್ರಕ್ಕೆ ಉತ್ತರಿಸುವಾಗ ನೋಡೋಣ.

ಇನ್ನೊಂದು ಕಾರಣ ಮಕ್ಕಳಿಗೆ ಖಂಡಿತ ಹಿಡಿಸುತ್ತದೆ: ಮಲೆನಾಡಿನಲ್ಲಿ ನೀರು ತುಂಬಿ ತುಳುಕುವ ತಿಂಗಳಲ್ಲೇ ಬೆಳಕು ಇರುವುದಿಲ್ಲ. ಜುಲೈ ಒಂದೇ ತಿಂಗಳಲ್ಲಿ ಆಗುಂಬೆಗೆ 2,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಆಗ ನೆಲ ಮುಟ್ಟುವ ಬಿಸಿಲು ಮಾರ್ಚಿನ ಅರ್ಧದಷ್ಟು. ಮೋಡದಿಂದ ಚದುರಿ ಬರುವ ಬೆಳಕು ಮೇಲಿನ ಎಲೆಗಳ ನಡುವೆ ನುಸುಳಿ ಕೆಳಗಿನ ಎಲೆಗೂ ತಲುಪುವುದರಿಂದ ನಷ್ಟ ಸ್ವಲ್ಪ ತುಂಬುತ್ತದೆ, ಪೂರ್ತಿ ಅಲ್ಲ. ಮಳೆ ಹಿಂದೆ ಸರಿದು, ಮಣ್ಣು ಇನ್ನೂ ಒದ್ದೆ ಇದ್ದು, ಆಕಾಶ ತೆರೆದುಕೊಳ್ಳುವ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಕಾಲವೇ ಘಟ್ಟದ ಕಾಡಿಗೆ ಸುಗ್ಗಿ. ಮಣ್ಣೂ ಒಂದು ತಡೆ: ಅಷ್ಟು ಮಳೆಗೆ ಪೊಟ್ಯಾಶ್, ಸುಣ್ಣದಂಶ ಕೊಚ್ಚಿಹೋಗಿ ಮಣ್ಣು ಹುಳಿಯಾಗಿರುತ್ತದೆ. ರಂಜಕವನ್ನು ಜಂಬಿಟ್ಟಿಗೆಯ ಕಬ್ಬಿಣ, ಅಲ್ಯೂಮಿನಿಯಂ ಕಟ್ಟಿಹಾಕಿಕೊಂಡಿರುತ್ತವೆ. ಕಾಡು ಬದುಕಿರುವುದು ತನ್ನ ತರಗೆಲೆಯನ್ನೇ ಮತ್ತೆ ಮತ್ತೆ ಉಣ್ಣುತ್ತ. ತೋಟಕ್ಕೆ ದರಕು ಬಾಚಿ ತಂದಷ್ಟೂ ಕಾಡಿನ ಆ ಊಟ ಕಡಿಮೆಯಾಗುತ್ತದೆ.

ಪ್ರಾಜೆಕ್ಟಿಗಾಗಿ ಉಪಗ್ರಹ ದತ್ತಾಂಶ ಬಳಸಿ ತುಂಗಭದ್ರಾ ಜಲಾನಯನದ ನಕ್ಷೆ ಮಾಡಿದೆ. ಜುಲೈಯಲ್ಲಿ ಕೊಪ್ಪದ ಎನ್‌ಡಿವಿಐ (ಉಪಗ್ರಹ ಕಂಡ ಹಸಿರಿನ ಸೂಚ್ಯಂಕ) ಹಿರಿಯೂರಿಗಿಂತ ಕಡಿಮೆ ಬಂತು. ವಾರ್ಷಿಕ ಜಿಪಿಪಿ ನಕ್ಷೆಯಲ್ಲಂತೂ ತುಂಗಭದ್ರಾ ಜಲಾಶಯದ ನೀರೇ ಇಡೀ ಕಣಿವೆಯಲ್ಲಿ ಅತಿ ಹೆಚ್ಚು ಉತ್ಪಾದಕ ಜಾಗ! ಎಲ್ಲಿ ತಪ್ಪಿದೆ?
— ಭೂಗೋಳ ಎಂ.ಎಸ್ಸಿ. ವಿದ್ಯಾರ್ಥಿ, ಶಿವಮೊಗ್ಗ

ಜಲಾಶಯದ ವಿಚಾರ ಮೊದಲು, ಅದು ಸುಲಭ. ಮೋಡಿಸ್‌ನ (ನಾಸಾದ ಟೆರಾ ಉಪಗ್ರಹದಲ್ಲಿರುವ ಸಂವೇದಕ) ಎಂಟು ದಿನಕ್ಕೊಂದರಂತೆ ಬರುವ ಎಂಒಡಿ17ಎ2ಎಚ್ ಎಂಬ ಜಿಪಿಪಿ ಕಡತದಲ್ಲಿ ನೀರು, ಊರು, ಬರಡು ನೆಲಗಳಿಗೆ ಜಿಪಿಪಿ ಲೆಕ್ಕ ಹಾಕಿರುವುದಿಲ್ಲ. ಅವುಗಳ ಜಾಗದಲ್ಲಿ 32761ರಿಂದ 32767ರವರೆಗಿನ ಸಂಕೇತ ಸಂಖ್ಯೆಗಳು ಕೂತಿರುತ್ತವೆ. ಅವನ್ನು ತೆಗೆಯದೆ 0.0001ರಿಂದ ಗುಣಿಸಿದರೆ ಎಂಟೇ ದಿನಕ್ಕೆ ಚದರ ಮೀಟರಿಗೆ 3.27 ಕೆ.ಜಿ. ಇಂಗಾಲ ಬರುತ್ತದೆ. ಒಳ್ಳೆಯ ಕಾಡು ಇಡೀ ವರ್ಷಕ್ಕೂ ಅಷ್ಟು ಮಾಡುವುದಿಲ್ಲ. ಗುಣಿಸುವ ಮುಂಚೆ 30000ಕ್ಕಿಂತ ಮೇಲಿನ ಬೆಲೆಗಳನ್ನೆಲ್ಲ ಖಾಲಿ ಮಾಡಿ. ಇನ್ನೊಂದು ಎಚ್ಚರ: ವರ್ಷಕ್ಕೆ 46 ಚಿತ್ರಗಳಿದ್ದರೂ ಕೊನೆಯದು ಎಂಟು ದಿನದ್ದಲ್ಲ, 5 ದಿನದ್ದು (ಅಧಿಕ ವರ್ಷದಲ್ಲಿ 6). ದಿನದ ಸರಾಸರಿ ತೆಗೆಯುವಾಗ ಎಂಟರಿಂದ ಭಾಗಿಸಿದರೆ ಪ್ರತಿ ಡಿಸೆಂಬರ್ ಕೊನೆಗೂ ಸುಳ್ಳು ಕುಸಿತ ಕಾಣುತ್ತದೆ.

ಕೊಪ್ಪದ ಎನ್‌ಡಿವಿಐ ಕುಸಿದದ್ದು ಮೋಡದಿಂದ. ಕೆಂಪಿಗೆ ಹತ್ತಿರದ, ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಿಂದ ಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಎನ್‌ಡಿವಿಐ. ಮೋಡ ಎರಡನ್ನೂ ಒಂದೇ ಸಮ ಪ್ರತಿಫಲಿಸುವುದರಿಂದ ಬೆಲೆ ಸೊನ್ನೆಯ ಕಡೆಗೆ ಇಳಿಯುತ್ತದೆ. 16 ದಿನಗಳಲ್ಲಿ ಒಳ್ಳೆಯ ಒಂದು ನೋಟವನ್ನು ಆರಿಸಿ ಕೊಡುವುದೇ ಮೋಡಿಸ್‌ನ ಎನ್‌ಡಿವಿಐ ಕಡತವಾದ ಎಂಒಡಿ13ಕ್ಯೂ1ರ ಉಪಾಯ, ನಿಜ. ಆದರೆ ಘಟ್ಟದ ಸೆರಗಿನಲ್ಲಿ ಆ 16 ದಿನವೂ ಮೋಡವೇ ಇದ್ದರೆ ಆರಿಸಲು ಏನಿದೆ?

ಹೀಗೆ ಮಾಡಿ. ಇಡೀ ಜಲಾನಯನ ಎಚ್25ವಿ07 ಎಂಬ ಒಂದೇ ಚೌಕದೊಳಗೆ (ಟೈಲ್) ಬರುತ್ತದೆ, ಹಾಗಾಗಿ ಜೋಡಿಸುವ ತಾಪತ್ರಯ ಇಲ್ಲ. ಜೊತೆಗೆ ಬರುವ, ಪ್ರತಿ ಪಿಕ್ಸೆಲ್ ಎಷ್ಟು ನಂಬಬಹುದು ಎಂದು ಹೇಳುವ ಪಿಕ್ಸೆಲ್ ರಿಲಯಬಿಲಿಟಿ ಪದರದಲ್ಲಿ 0 ಎಂದಿದ್ದರೆ ಇಟ್ಟುಕೊಳ್ಳಿ. 1 ಇದ್ದರೆ ಅರ್ಧ ತೂಕ ಕೊಡಿ, 3 ಇದ್ದರೆ ಬಿಸಾಡಿ. ಖಾಲಿ ಬಿದ್ದ ಕಡೆ ಅಕ್ಕಪಕ್ಕದ ದಿನಾಂಕಗಳಿಂದ ತುಂಬಿ, ಆಮೇಲೆ ಸವಿಟ್ಸ್‌ಕಿ–ಗೋಲೆ ಶೋಧಕದಿಂದ ನಯ ಮಾಡಿ. ಸತತ ಮೂರಕ್ಕಿಂತ ಹೆಚ್ಚು ಚಿತ್ರ ಖಾಲಿ ಇದ್ದರೆ ನಿತ್ಯಹಸಿರು ಕಾಡಿಗೆ ತುಂಬಬಹುದು, ಬೆಳೆಗೆ ತುಂಬಬೇಡಿ. 48 ದಿನದಲ್ಲಿ ಭತ್ತದ ನಾಟಿಯೂ ಅದರ ಏರಿಕೆಯೂ ಎರಡೂ ಕಳೆದುಹೋಗಿರುತ್ತವೆ. ವರ್ಷದ ಲೆಕ್ಕವನ್ನು ಜನವರಿಯಿಂದ ಹಿಡಿಯಬೇಡಿ, ಜೂನ್‌ನಿಂದ ಮೇ ತನಕ ಹಿಡಿಯಿರಿ. ಜನವರಿಯಲ್ಲಿ ನಿಂತಿರುವ ಹಿಂಗಾರಿ ಜೋಳ ಹಿಂದಿನ ವರ್ಷದ ಮಳೆಯ ಕೂಸು. ದಟ್ಟ ಕಾಡಿನಲ್ಲಿ ಎನ್‌ಡಿವಿಐ 0.85ರ ಆಚೆ ಹೋಗಲು ಒಪ್ಪುವುದಿಲ್ಲ, ಆದ್ದರಿಂದ ಘಟ್ಟದ ಭಾಗಕ್ಕೆ ಅದೇ ಕಡತದಲ್ಲಿರುವ ಇವಿಐ (ದಟ್ಟ ಹಸಿರಿಗೆ ಹೊಂದುವ ಇನ್ನೊಂದು ಸೂಚ್ಯಂಕ) ನೋಡಿ.

ಮಾದರಿಯ ಮಿತಿಯೂ ನಿಮ್ಮ ವರದಿಯಲ್ಲಿ ಬರಲಿ. ಎಲೆ ಹೀರಿದ ಬೆಳಕನ್ನು ಒಂದು ದಕ್ಷತೆಯಿಂದ ಗುಣಿಸಿ ಮೋಡಿಸ್ ಜಿಪಿಪಿ ತೆಗೆಯುತ್ತದೆ. ನಿತ್ಯಹಸಿರು ಅಗಲೆಲೆ ಕಾಡಿಗೆ ಮೆಗಾಜೂಲ್‌ಗೆ 1.268 ಗ್ರಾಂ, ಬೆಳೆಗೆ 1.044 ಗ್ರಾಂ. ಚಳಿ ಇದ್ದರೆ, ಗಾಳಿ ಒಣಗಿದ್ದರೆ ಆ ದಕ್ಷತೆಯನ್ನು ತಗ್ಗಿಸುತ್ತದೆ. ಮಣ್ಣಿನ ತೇವ ಅದಕ್ಕೆ ಗೊತ್ತೇ ಇಲ್ಲ. ಮಾರ್ಚಿನಲ್ಲಿ ಸಿರುಗುಪ್ಪದ ಬೇಸಿಗೆ ಭತ್ತದ ಬುಡದಲ್ಲಿ ನೀರು ನಿಂತಿದ್ದರೂ ಮೇಲೆ ಬೀಸುವ ಒಣ ಬಿಸಿಗಾಳಿ ನೋಡಿ ‘ಬೆಳೆ ಬಾಯಾರಿದೆ’ ಎಂದು ಅಂಕ ಕಳೆದುಬಿಡುತ್ತದೆ. ಅಚ್ಚುಕಟ್ಟಿನ ಅಂಕಿ ಕಡಿಮೆ ಬಂದರೆ ಮೊದಲ ಅನುಮಾನ ಇಲ್ಲೇ ಇರಲಿ.

ನಮ್ಮ ಎರಡು ಬೆಳೆ ಭತ್ತದ ಗದ್ದೆ ನಕ್ಷೆಯಲ್ಲಿ ಮಲೆನಾಡಿನ ಕಾಡಿನಷ್ಟೇ ಕಡುಹಸಿರು. ಹಾಗಾದ್ರೆ ನಾವೂ ಕಾಡಿಗೆ ಸಮ ಅನ್ನಬಹುದಾ?
— ರೈತರು, ಗಂಗಾವತಿ

ವರ್ಷದ ಉತ್ಪಾದನೆಯಲ್ಲಿ ಸಮ, ಧಾರಾಳವಾಗಿ ಅನ್ನಿ. ಲೆಕ್ಕ ನೋಡಿ: ಎಕರೆಗೆ 75 ಕೆ.ಜಿ.ಯ 35 ಚೀಲ ಅಂದರೆ ಸುಮಾರು 2,600 ಕೆ.ಜಿ. ಎಕರೆ 4,047 ಚದರ ಮೀಟರ್, ಹಾಗಾಗಿ ಚದರ ಮೀಟರಿಗೆ 642 ಗ್ರಾಂ ಕಾಳು. ಅದರಲ್ಲಿ 14% ತೇವ ಕಳೆದರೆ 552 ಗ್ರಾಂ. ನೆಲದ ಮೇಲಿನ ಒಟ್ಟು ಒಣ ತೂಕದಲ್ಲಿ ಕಾಳಿನ ಪಾಲು 45% ಎಂದುಕೊಂಡರೆ ಹುಲ್ಲು ಸೇರಿ 1,228 ಗ್ರಾಂ, ಬೇರಿಗೆ 12% ಸೇರಿಸಿದರೆ 1,375. ಭತ್ತದ ಹುಲ್ಲಿನಲ್ಲಿ ಸಿಲಿಕಾ ಜಾಸ್ತಿ ಇರುವುದರಿಂದ ಇಂಗಾಲವನ್ನು 45ರ ಬದಲು 42% ಹಿಡಿದರೂ 580 ಗ್ರಾಂ ಬರುತ್ತದೆ. ಎರಡು ಬೆಳೆಗೆ 1,150. ಕಾಡಿನ ಸಾವಿರವನ್ನು ದಾಟಿಯೇ ಬಿಟ್ಟಿತು.

ಆದರೆ ಇದು ವರಮಾನದ ಲೆಕ್ಕ, ಆಸ್ತಿಯದಲ್ಲ. ಕಾಡಿನಲ್ಲಿ ಹೆಕ್ಟೇರಿಗೆ 100 ಟನ್‌ಗೂ ಮೇಲ್ಪಟ್ಟು ಇಂಗಾಲ ಮರದ ರೂಪದಲ್ಲಿ ನಿಂತೇ ಇರುತ್ತದೆ. ನಿಮ್ಮಲ್ಲಿ ಕೊಯ್ಲಾದ ದಿನ ಉಳಿಯುವುದು ಕೂಳೆ ಮಾತ್ರ. ಅದಕ್ಕೂ ಬೆಂಕಿ ಇಟ್ಟರೆ ಅದೂ ಇಲ್ಲ.

ಮುಖ್ಯವಾಗಿ, ಈ ಹಸಿರು ನಿಮ್ಮೂರಿನ ಮಳೆಯದಲ್ಲ. ಒಂದು ಬೆಳೆ ಭತ್ತಕ್ಕೆ ಗದ್ದೆಯಲ್ಲೇ 1,200 ಮಿ.ಮೀ. ನೀರು ಬೇಕು. ಗಂಗಾವತಿಯ ಇಡೀ ವರ್ಷದ ಮಳೆ ಅದರ ಅರ್ಧವೂ ಇಲ್ಲ. ಉಳಿದದ್ದು ತೀರ್ಥಹಳ್ಳಿ, ಶೃಂಗೇರಿ, ಕೊಪ್ಪದ ಕಾಡು ಕುಡಿಯಲಾರದೆ ಬಿಟ್ಟ ನೀರು. ಅಲ್ಲಿ ಬೆಳಕು ಕಡಿಮೆ, ನೀರು ಹೆಚ್ಚು. ನಿಮ್ಮಲ್ಲಿ ಬಿಸಿಲು ಬೇಕಾದಷ್ಟು, ನೀರಿಲ್ಲ. 1953ರಲ್ಲಿ ಹೊಸಪೇಟೆಯ ಅಣೆಕಟ್ಟು ಎರಡನ್ನೂ ಒಂದು ಕಡೆ ತಂದಿತು, ಅಷ್ಟೇ. ಒಂದು ಟಿಎಂಸಿ ಅಂದರೆ 2.83 ಕೋಟಿ ಘನ ಮೀಟರ್. ಸೋರಿಕೆ ಲೆಕ್ಕಿಸದಿದ್ದರೆ ಅದರಲ್ಲಿ 5,800 ಎಕರೆಗೆ ಒಂದು ಬೆಳೆ ಭತ್ತ. ಜಲಾಶಯದ ಮೂಲ ಸಾಮರ್ಥ್ಯ 133 ಟಿಎಂಸಿ, ಹೂಳು ತುಂಬಿ ಈಗ 105.8ಕ್ಕೆ ಇಳಿದಿದೆ. ಹೋದ 27 ಟಿಎಂಸಿಯನ್ನು ನೀವೇ ಎಕರೆಗೆ ಪರಿವರ್ತಿಸಿ ನೋಡಿ. ನೀರು ಸಾಲದೆ ಎರಡನೇ ಬೆಳೆ ತಪ್ಪಿದ ವರ್ಷ ನಿಮ್ಮ ಅಂಕಿ ನೇರವಾಗಿ 580ಕ್ಕೆ ಬೀಳುತ್ತದೆ. ಹಾಗೆ ಒಂದೇ ವರ್ಷದಲ್ಲಿ ಅರ್ಧಕ್ಕೆ ಬೀಳುವ ಅಭ್ಯಾಸ ಕಾಡಿಗಿಲ್ಲ.

ನಮ್ಮ ಹೊಲ ಎಡದಂಡೆ ಕಾಲುವಿ ಕೊನೀಗೆ ಐತಿ. ನೀರು ಬಂದ್ರ ಬಂತು, ಇಲ್ಲಾಂದ್ರ ಇಲ್ಲ. ಬಂದ ವರ್ಷಾನೂ ನಡುವ ಬೆಳ್ಳಗ ಉಪ್ಪು ಎದ್ದು ಭತ್ತ ಕೆಂಪಾಗಿ ಸಾಯ್ತದ. ಗೊಬ್ಬರ ಹೆಚ್ಚಿಗಿ ಹಾಕಿದ್ರೂ ಏಳವಲ್ದು. ಏನ್ ಮಾಡಬೇಕ್ರಿ?
— ರೈತರು, ಮಾನ್ವಿ ತಾಲ್ಲೂಕು

ಗೊಬ್ಬರ ಮೊದಲು ನಿಲ್ಲಿಸಿರಿ. ರಸಗೊಬ್ಬರವೂ ಉಪ್ಪೇ, ಸವಳಿನ ಮೇಲೆ ಇನ್ನಷ್ಟು ಉಪ್ಪು ಸುರಿದ ಹಾಗೆ.

ಎಡದಂಡೆ ಕಾಲುವೆಯ ಯೋಜನೆ ಮಾಡಿದ್ದು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ. ಭತ್ತಕ್ಕೆ ಸಣ್ಣ ಪಾಲು ಮಾತ್ರ ಇತ್ತು. ಮೇಲ್ಭಾಗದಲ್ಲಿ ಭತ್ತ ಹಬ್ಬಿದ್ದರಿಂದ ಕೊನೆಗೆ ಎರಡು ಪೆಟ್ಟು ಬಿತ್ತು. ಒಂದು, ನೀರು ತಲುಪುವುದಿಲ್ಲ. ಎರಡು, ಮೇಲಿನ ಗದ್ದೆಗಳಲ್ಲಿ ಇಂಗಿದ ನೀರು ನೆಲದೊಳಗಿಂದ ತಗ್ಗಿನ ಕಡೆ ಬಂದು ಮಟ್ಟ ಏರಿಸುತ್ತದೆ. ಎರೆ ಮಣ್ಣಿನಲ್ಲಿ ಆ ಮಟ್ಟ ಮೇಲಿನಿಂದ ಒಂದೂವರೆ ಮೀಟರ್ ಒಳಗೆ ಬಂತೆಂದರೆ ಬೇಸಿಗೆಯಲ್ಲಿ ನೀರು ಮೇಲಕ್ಕೆ ಜಗ್ಗಿ ಆವಿಯಾಗುತ್ತದೆ, ಉಪ್ಪು ಮೇಲೆಯೇ ಉಳಿಯುತ್ತದೆ. ಇಡೀ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು–ಜೌಗು ಹಿಡಿದ ನೆಲ ಸುಮಾರು 96,000 ಹೆಕ್ಟೇರ್ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು.

ಮೊದಲು ರೋಗ ಯಾವುದು ಅಂತ ತಿಳಿಯಿರಿ. ಏಪ್ರಿಲ್–ಮೇಯಲ್ಲಿ, ಕಾಲುವೆಗೆ ನೀರು ಬಿಡುವ ಮುಂಚೆ, ಬಿಳಿ ತೇಪೆಯ ನಡುವೆ ಒಂದು ಕಡೆ, ಚೆನ್ನಾಗಿ ಬೆಳೆಯುವ ಕಡೆ ಒಂದು, ಹೀಗೆ ಎರಡು ಜಾಗದಲ್ಲಿ ಬೈರಿಗೆಯಿಂದ ಮಣ್ಣು ತೆಗೆಯಿರಿ. 0–15, 15–30, 30–60, 60–90 ಸೆಂ.ಮೀ. ಆಳದ ಮಣ್ಣು ಬೇರೆ ಬೇರೆ ಚೀಲದಲ್ಲಿರಲಿ. ಲ್ಯಾಬಿನಲ್ಲಿ ಇಸಿ (ಉಪ್ಪು ಎಷ್ಟಿದೆ ಎಂದು ತೋರಿಸುವ ವಿದ್ಯುತ್ ವಾಹಕತೆ), ಪಿಎಚ್ (ಹುಳಿಯೋ ಕ್ಷಾರವೋ), ಇಎಸ್‌ಪಿ (ಮಣ್ಣಿಗೆ ಅಂಟಿದ ಸೋಡಿಯಂನ ಪಾಲು) ಮೂರೂ ಕೇಳಿ. ಇಸಿಯನ್ನು ಮಣ್ಣಿನ ಸಂತೃಪ್ತ ಸಾರದಲ್ಲಿ (ನೀರು ತುಂಬಿಸಿದ ಕೆಸರಿನಿಂದ ಹಿಂಡಿ ತೆಗೆದ ನೀರು) ಅಳೆದರೋ, 1:2.5 ನೀರು ಬೆರೆಸಿ ಅಳೆದರೋ ಅಂತ ತಪ್ಪದೆ ಕೇಳಿ. ಎರಡನೆಯ ರೀತಿಯಲ್ಲಿ ನೀರು ಜಾಸ್ತಿ ಇರುವುದರಿಂದ ಎರೆ ಮಣ್ಣಿನ ಇಸಿ ನಿಜದ ಅರ್ಧಕ್ಕಿಂತ ಕಡಿಮೆ ಕಾಣುತ್ತದೆ. ‘1.8 ಇದೆ, ಚಿಂತೆ ಇಲ್ಲ’ ಎಂದು ಎಷ್ಟೋ ಜನ ಸುಮ್ಮನಾಗುವುದು ಇಲ್ಲಿಯೇ.

ಸಂತೃಪ್ತ ಸಾರದ ಇಸಿ ಮೀಟರಿಗೆ 3 ಡೆಸಿಸೀಮೆನ್ಸ್ ದಾಟಿದರೆ ಭತ್ತದ ಇಳುವರಿ ಪ್ರತಿ ಒಂದು ಅಂಕಕ್ಕೆ 12% ಬೀಳುತ್ತದೆ. ಅಂದರೆ 6 ಇದ್ದಲ್ಲಿ ಮೂರನೇ ಒಂದಕ್ಕೂ ಹೆಚ್ಚು ಹೋಯಿತು. ಜೋಳ 6.8ರವರೆಗೆ, ಹತ್ತಿ 7.7ರವರೆಗೆ ತಾಳುತ್ತವೆ. ಆದರೆ ಸುತ್ತ ಭತ್ತ ಹಚ್ಚಿ ನಡುವೆ ನೀವೊಬ್ಬರೇ ಹತ್ತಿ ಹಾಕಿದರೆ ಉಪ್ಪಿಗಿಂತ ಮೊದಲು ಜೌಗು ಅದನ್ನು ಕೊಲ್ಲುತ್ತದೆ. ಕಾಲುವೆಯ ಒಂದೇ ತೂಬಿನಿಂದ ನೀರು ಪಡೆಯುವ ಅಕ್ಕಪಕ್ಕದವರನ್ನೂ ಒಪ್ಪಿಸಿಯೇ ಬೆಳೆ ಬದಲಿಸಬೇಕು.

ಪಿಎಚ್ 8.5ಕ್ಕಿಂತ ಹೆಚ್ಚು, ಇಎಸ್‌ಪಿ 15ಕ್ಕಿಂತ ಹೆಚ್ಚು ಇದ್ದರೆ ಮಾತ್ರ ಜಿಪ್ಸಂ. ಬರೀ ಸವಳಿದ್ದರೆ ಜಿಪ್ಸಂ ದಂಡ. ಅದಕ್ಕೆ ಮದ್ದು ಸಿಹಿನೀರು ನಿಲ್ಲಿಸಿ ಉಪ್ಪನ್ನು ಕೆಳಕ್ಕೆ ತೊಳೆಯುವುದು, ತೊಳೆದ ನೀರನ್ನು ಹೊರಹಾಕುವುದು. ಹೊರಹಾಕುವ ದಾರಿ ಇಲ್ಲದೆ ತೊಳೆದರೆ ಉಪ್ಪು ಎರಡಡಿ ಕೆಳಗೆ ಹೋಗಿ ಬೇಸಿಗೆಗೆ ಮತ್ತೆ ಹಾಜರ್. ದಾರಿ ಅಂದರೆ ಒಂದು ಮೀಟರ್ ಆಳದಲ್ಲಿ, 40–60 ಮೀಟರಿಗೊಂದರಂತೆ, ತೂತುಳ್ಳ 80 ಮಿ.ಮೀ. ಸುಕ್ಕುಗಟ್ಟಿದ ಪಿವಿಸಿ ಪೈಪು ಹೂತು ಹಳ್ಳಕ್ಕೆ ಬಿಡುವುದು. ಪೈಪಿಗೆ ಬಲೆ ಸುತ್ತದಿದ್ದರೆ ಎರೆ ಮಣ್ಣು ಒಳನುಗ್ಗಿ ಎರಡೇ ವರ್ಷಕ್ಕೆ ಕಟ್ಟಿಕೊಳ್ಳುತ್ತದೆ. ಹಳ್ಳದ ತಳ ಪೈಪಿನ ಬಾಯಿಗಿಂತ ತಗ್ಗಿರದಿದ್ದರೆ ಮಳೆಗಾಲದಲ್ಲಿ ನೀರು ಹಿಂದಕ್ಕೇ ಬರುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು ಭೂಮಿಯ ಮೇಲೆಯೇ ಕೆಲಸ ಮಾಡುವಂಥದ್ದು, ಹತ್ತಿಪ್ಪತ್ತು ಜನ ಸೇರಿ ಹೋಗಿ ಕೇಳಿ. ಈ ಮಧ್ಯೆ ಹಳ್ಳದ ಬಸಿನೀರನ್ನು ಎತ್ತಿ ಹಾಯಿಸುವುದಿದ್ದರೆ ಅದರ ಇಸಿಯನ್ನೂ ನೋಡಿಸಿ. ಮೇಲಿನವರ ಉಪ್ಪು ಅದರಲ್ಲೇ ಬರುತ್ತಿರುತ್ತದೆ.

ತೇಪೆ ಸವಳಿನದೋ, ಬೇರೆ ಕಾರಣದ್ದೋ ಎಂದು ಸೆಂಟಿನೆಲ್–2 ಉಪಗ್ರಹದ ಚಿತ್ರಗಳಲ್ಲೂ ಹೇಳಬಹುದು. ನಾಲ್ಕೈದು ವರ್ಷದ ಚಿತ್ರ ಒಂದರ ಮೇಲೊಂದು ಇಟ್ಟಾಗ ಬಡ ತೇಪೆ ಒಂದೇ ಜಾಗದಲ್ಲಿ ಕೂತಿದ್ದರೆ ಮಣ್ಣಿನದು. ವರ್ಷವರ್ಷಕ್ಕೂ ಜಾಗ ಬದಲಿಸಿದರೆ ನೀರಿನದೋ ಹುಳದ್ದೋ.

ಹೋದ ವರ್ಷ ಮಳೆ ವಾಡಿಕೆಯಷ್ಟೇ ಆಯ್ತು ಅಂತ ಪೇಪರಲ್ಲಿ ಬಂತು. ನಮ್ಮ ಶೇಂಗಾ ಮಾತ್ರ ಬುಡ ಕಿತ್ರೆ ಎರಡು ಕಾಯಿ. ಮಳೆ ಲೆಕ್ಕ ಸುಳ್ಳಾ?
— ರೈತ ಮಹಿಳೆ, ಚಳ್ಳಕೆರೆ

ಲೆಕ್ಕ ಸುಳ್ಳಿರಲಿಕ್ಕಿಲ್ಲ, ಆದರೆ ಅದು ನಿಮಗೆ ಉಪಯೋಗವಿಲ್ಲದ ಲೆಕ್ಕ. ಚಳ್ಳಕೆರೆಯ ಕೆಂಪು ಮಣ್ಣು ಹಲವು ಕಡೆ ಒಂದೂಕಾಲು ಅಡಿ ಆಳಕ್ಕೇ ಮುಗಿದು ಕೆಳಗೆ ಗರಸು. ಅಷ್ಟು ಮಣ್ಣು ಬೆಳೆಗೆ ಸಿಗುವಂತೆ ಹಿಡಿದಿಡುವುದು ಸುಮಾರು 45 ಮಿ.ಮೀ. ತುಂಬಿ ನಿಂತ ಶೇಂಗಾ ದಿನಕ್ಕೆ 4–5 ಮಿ.ಮೀ. ಕುಡಿಯುತ್ತದೆ. ಹತ್ತೇ ದಿನಕ್ಕೆ ಖಾಲಿ. ಒಂದೇ ರಾತ್ರಿ 80 ಮಿ.ಮೀ. ಸುರಿದರೂ ಹಿಡಿಯುವುದು ಆ 45 ಮಾತ್ರ, ಮಿಕ್ಕಿದ್ದು ವೇದಾವತಿಯ ಹಳ್ಳಕ್ಕೆ. ತಿಂಗಳ ಮೊತ್ತದಲ್ಲಿ ಮಾತ್ರ 80 ಪೂರ್ತಿ ದಾಖಲು!

ಶೇಂಗಾಕ್ಕೆ ಬಿತ್ತಿದ 40ರಿಂದ 70 ದಿನ ನಿರ್ಣಾಯಕ. ಹೂವಿನಿಂದ ಹೊರಟ ಸೂಜಿಯಂಥ ಕಡ್ಡಿ ಮಣ್ಣಿಗೆ ಇಳಿದು ಕಾಯಿ ಕಟ್ಟುವ ಹೊತ್ತದು. ಮೇಲಿನ ಎರಡಿಂಚು ಗಟ್ಟಿಯಾಗಿದ್ದರೆ ಕಡ್ಡಿ ಒಳಗಿಳಿಯುವುದೇ ಇಲ್ಲ. ಜುಲೈ ಮೊದಲ ವಾರ ಬಿತ್ತಿದ್ದರೆ ಈ ಅವಧಿ ಮಖೆ, ಹುಬ್ಬೆ ಮಳೆಗಳಿಗೆ ಬೀಳುತ್ತದೆ. ಅವೆರಡೂ ಕೈಕೊಟ್ಟು ಉತ್ತರೆ, ಹಸ್ತದಲ್ಲಿ ಧಾರಾಳ ಬಂದರೆ ವರ್ಷದ ಮೊತ್ತ ಸರಿಹೋಗುತ್ತದೆ, ಹೊಲವೂ ಮತ್ತೆ ಹಸಿರಾಗುತ್ತದೆ. ಉಪಗ್ರಹಕ್ಕೂ ಚೆನ್ನಾಗಿಯೇ ಕಾಣುತ್ತದೆ. ಕಾಯಿ ಇಲ್ಲದ ಬಳ್ಳಿಗೂ ಎನ್‌ಡಿವಿಐ ಇರುತ್ತದಲ್ಲ! ವಿಮೆಯವರ ನಕ್ಷೆ ನೋಡುವಾಗ ಇದು ನೆನಪಿರಲಿ.

ಅದೇ ಮಳೆ ಬಳ್ಳಾರಿ ಕಡೆಯ ಎರೆ ಹೊಲಕ್ಕೆ ಬಿದ್ದರೆ ಕತೆ ಬೇರೆ. ಒಂದು ಮೀಟರ್ ಆಳದ ಎರೆ 180 ಮಿ.ಮೀ. ಆಸುಪಾಸು ಹಿಡಿದಿಡುತ್ತದೆ. ಅದಕ್ಕೇ ಅಲ್ಲಿಯವರು ಮುಂಗಾರಿನಲ್ಲಿ ಹೊಲ ಬೀಳು ಬಿಟ್ಟು, ಹರಗಿ, ಮಳೆ ಉಣಿಸಿ, ಉತ್ತರೆ–ಹಸ್ತದಲ್ಲಿ ಜೋಳ, ಕಡಲೆ ಬಿತ್ತುತ್ತಾರೆ. ಆಗಸ್ಟಿನ ನಕ್ಷೆಯಲ್ಲಿ ಬರಡಾಗಿ ಕಾಣುವ ಆ ಹೊಲ ಡಿಸೆಂಬರಿನಲ್ಲಿ ಹಸಿರು.

ನಿಮ್ಮಂಥ ಹೊಲಕ್ಕೆ ಒಂದು ಕೃಷಿ ಹೊಂಡದ ಲೆಕ್ಕ: ಬಾಯಿ 12×12 ಮೀಟರ್, ಆಳ 3 ಮೀಟರ್, ದಂಡೆ 1:1 ಇಳಿಜಾರು ಇದ್ದರೆ ತಳ 6×6 ಆಗಿ ಸುಮಾರು 2.5 ಲಕ್ಷ ಲೀಟರ್ ಹಿಡಿಯುತ್ತದೆ. ಒಂದು ಎಕರೆಗೆ 50 ಮಿ.ಮೀ. ಕೊಡಲು 2 ಲಕ್ಷ ಲೀಟರ್ ಸಾಕು. ಸ್ಪ್ರಿಂಕ್ಲರ್‌ನಲ್ಲಿ 25ರಂತೆ ಎರಡು ಸಲ ಕೊಟ್ಟರೆ ಇನ್ನೂ ಒಳ್ಳೆಯದು. ಕೆಂಪು ಮಣ್ಣಿನಲ್ಲಿ ಹಾಳೆ ಹಾಸದ ಹೊಂಡ ವಾರದಲ್ಲಿ ಇಂಗಿಹೋಗುತ್ತದೆ, ಹಾಳೆಯ ಖರ್ಚು ಉಳಿಸಲು ಹೋಗಬೇಡಿ.

ಹೊಳಲ್ಕೆರೆ, ಚನ್ನಗಿರಿ ಕಡೆ ಇಪ್ಪತ್ತು ವರ್ಷದಲ್ಲಿ ಹಸಿರು ಏರಿದೆ ಎಂದು ನಕ್ಷೆಗಳು ತೋರಿಸುತ್ತವೆ. ಮಳೆ ಸುಧಾರಿಸಿದೆ ಎಂದು ಅರ್ಥವೇ?
— ನಿವೃತ್ತ ಎಂಜಿನಿಯರ್, ದಾವಣಗೆರೆ

ಹಾಗೆ ಹೇಳುವ ಮುಂಚೆ ಮಾರ್ಚ್–ಏಪ್ರಿಲ್ ಸರಾಸರಿಯನ್ನು ಮಳೆಗಾಲದಿಂದ ಬೇರೆ ಮಾಡಿ ನೋಡಿ. ಮಳೆ ಹೆಚ್ಚಿ ಬಂದ ಹಸಿರಾದರೆ ಆಗಸ್ಟ್–ಅಕ್ಟೋಬರ್ ಏರಬೇಕು. ಏರಿಕೆ ಬೇಸಿಗೆಯಲ್ಲೇ ಇದ್ದರೆ ಅಲ್ಲಿ ರಾಗಿ, ಜೋಳ, ಭತ್ತ ಹೋಗಿ ಅಡಿಕೆ ಬಂದಿದೆ ಎಂದೇ ತಿಳಿಯಿರಿ. ಕೆರೆಯಂಗಳ, ಗೋಮಾಳಗಳಲ್ಲಿ ಬಳ್ಳಾರಿ ಜಾಲಿಯೂ ಇದೇ ಗುರುತು ಬಿಡುತ್ತದೆ, ಆಳದ ಬೇರಿನಿಂದಾಗಿ ಅದು ಏಪ್ರಿಲ್‌ನಲ್ಲೂ ಹಸಿರು.

ಅಡಿಕೆಯ ಹಸಿರಿಗೆ ಬೆಲೆ ಎಲ್ಲಿಂದ ಸಂದಾಯವಾಗುತ್ತದೆ? 9×9 ಅಡಿಗೆ ಎಕರೆಗೆ ಸುಮಾರು 550 ಗಿಡ. ಹನಿಯಲ್ಲಿ ಗಿಡಕ್ಕೆ ದಿನಕ್ಕೆ 18 ಲೀಟರ್ ಅಂದರೆ ಹತ್ತಿರ ಹತ್ತಿರ 10,000 ಲೀಟರ್, ಎಕರೆಯ ಮೇಲೆ ಹರಡಿದರೆ 2.4 ಮಿ.ಮೀ. ಡಿಸೆಂಬರ್‌ನಿಂದ ಮೇ ತನಕ 180 ದಿನಕ್ಕೆ ಸುಮಾರು 440 ಮಿ.ಮೀ. ಅಲ್ಲಿಯ ಗಟ್ಟಿ ಕಲ್ಲಿನ ನೆಲದಲ್ಲಿ ಮಳೆಯ 8–11% ಮಾತ್ರ ಅಂತರ್ಜಲಕ್ಕೆ ಇಳಿಯುತ್ತದೆ. 600 ಮಿ.ಮೀ. ಮಳೆಗೆ 60 ಎಂದುಕೊಳ್ಳಿ. ಅಂದರೆ ಒಂದು ಎಕರೆ ಬೋರ್‌ವೆಲ್ ಅಡಿಕೆ ಏಳು ಎಕರೆಯ ಇಂಗುನೀರನ್ನು ಕುಡಿಯುತ್ತದೆ. ಭದ್ರಾ ನಾಲೆಯ ನೀರಿರುವ ತೋಟಕ್ಕೆ ಈ ಲೆಕ್ಕ ಅನ್ವಯಿಸದು. ಆದರೆ ನಕ್ಷೆಯ ಮೇಲೆ ಎರಡೂ ಒಂದೇ ಬಣ್ಣ.

ಕ್ರಮಬದ್ಧವಾಗಿ ಮಾಡುವುದಾದರೆ ಪ್ರತಿ ಪಿಕ್ಸೆಲ್‌ನಲ್ಲಿ ಜೂನ್–ಮೇ ಎನ್‌ಡಿವಿಐ ಮೊತ್ತವನ್ನು ಅದೇ ವರ್ಷದ ಮಳೆಯ ಎದುರು ಗೆರೆ ಹಾಕಿ. ಮಳೆ ವಿವರಿಸಲಾಗದೆ ಉಳಿದ ಶೇಷದಲ್ಲಿ ಏರಿಳಿತ ಹುಡುಕಿ. ಶೇಷ ಏರುತ್ತಿದ್ದರೆ ಕಾರಣ ನೀರಾವರಿ, ಬೆಳೆ ಬದಲಾವಣೆ, ಸ್ವಲ್ಪ ಮಟ್ಟಿಗೆ ಗಾಳಿಯಲ್ಲಿ ಹೆಚ್ಚಿದ ಇಂಗಾಲದ ಡೈಆಕ್ಸೈಡ್. ಹಳೆಯ ಐದನೇ ಆವೃತ್ತಿಯ ಟೆರಾ ದತ್ತಾಂಶ ಮಾತ್ರ ಬಳಸಬೇಡಿ. ಸಂವೇದಕ ಮಂಕಾದದ್ದು ಅದರಲ್ಲಿ ಹಸಿರು ಕುಸಿದಂತೆ ಕಾಣುತ್ತದೆ. 2020ರಿಂದ ಈಚೆಗೆ ಟೆರಾದ ಹಾದುಹೋಗುವ ಸಮಯವೂ ಮೆಲ್ಲಗೆ ಸರಿಯುತ್ತಿದೆ, ಆದ್ದರಿಂದ ಇತ್ತೀಚಿನ ವರ್ಷಗಳನ್ನು ವಿಐಐಆರ್‌ಎಸ್ (ಮೋಡಿಸ್‌ನ ನಂತರದ ಸಂವೇದಕ) ಜೊತೆ ತಾಳೆ ನೋಡಿ.

ಹಸಿರು ಹೆಚ್ಚಾಗುವುದು ಎಲ್ಲಿದ್ದರೂ ಒಳ್ಳೆಯದೇ ಅಲ್ಲವೇ?
— ಪದವಿ ವಿದ್ಯಾರ್ಥಿನಿ, ಹಾವೇರಿ

ನಿಮ್ಮ ಜಿಲ್ಲೆಯ ರಾಣೆಬೆನ್ನೂರನ್ನೇ ನೋಡಿ. 1974ರಲ್ಲಿ ಅಲ್ಲಿ 119 ಚದರ ಕಿ.ಮೀ. ಕೃಷ್ಣಮೃಗ ಅಭಯಾರಣ್ಯವಾಯಿತು. ಅದರ ಬಹುಭಾಗ ಈಗ ನೀಲಗಿರಿ ನೆಡುತೋಪು. ಎಲೆ ವರ್ಷವಿಡೀ ಇರುವುದರಿಂದ ಉತ್ಪಾದಕತೆಯ ಅಂಕಿ ಹುಲ್ಲುಗಾವಲಿಗಿಂತ ಮೇಲೆ. ಆದರೆ ಕೃಷ್ಣಮೃಗಕ್ಕೂ ಎರೆಭೂತ ಹಕ್ಕಿಗೂ ಬೇಕಿದ್ದದ್ದು ಕಣ್ಣು ಹಾಯುವಷ್ಟು ಬಯಲು. ಎರೆಭೂತ ಅಲ್ಲಿಂದ ಕಣ್ಮರೆಯಾಯಿತು.

ಮೆಕ್ಕೆಜೋಳದ ನಮ್ಮ ಎರಡು ಎಕರೆಯ ಉತ್ಪಾದಕತೆಯನ್ನು ಉಪಗ್ರಹದ ನಕ್ಷೆಯಲ್ಲಿ ನೋಡಿದರೆ ತೀರಾ ಕಡಿಮೆ ಇದೆ. ನಾವೇ ಅಳೆಯಲು ಬರುತ್ತದೆಯೇ?
— ಯುವ ರೈತ, ಬ್ಯಾಡಗಿ

ಬರುತ್ತದೆ, ಅಳೆಯಲೇಬೇಕು. ಮೋಡಿಸ್‌ನ ಒಂದು ಪಿಕ್ಸೆಲ್ ಐವತ್ತು ಎಕರೆಗೂ ಹೆಚ್ಚು. ಅದರಲ್ಲಿ ನಿಮ್ಮ ಹೊಲ, ರಸ್ತೆ, ಹಳ್ಳ, ಪಕ್ಕದವರ ಹತ್ತಿ ಎಲ್ಲ ಬೆರೆತಿರುತ್ತದೆ. ಜೊತೆಗೆ ಆ ಮಾದರಿ ಎಲ್ಲ ಬೆಳೆಗೂ ಒಂದೇ ದಕ್ಷತೆ ಕೊಡುತ್ತದೆ. ಮೆಕ್ಕೆಜೋಳ, ಜೋಳ, ಕಬ್ಬು ಸಿ4 ಗುಂಪಿನವು, ಅದೇ ಬಿಸಿಲಲ್ಲಿ ಭತ್ತ, ಹತ್ತಿಗಿಂತ ಹೆಚ್ಚು ಇಂಗಾಲ ಕಟ್ಟುತ್ತವೆ. ಹಾಗಾಗಿ ಮೆಕ್ಕೆಜೋಳದ ಸೀಮೆಗೆ ಆ ನಕ್ಷೆ ಯಾವತ್ತೂ ಕೈ ಬಿಗಿಹಿಡಿದೇ ಅಂಕ ಕೊಡುತ್ತದೆ.

ತೆನೆಯ ಸಿಪ್ಪೆ ಒಣಗಿ ಕಾಳಿನ ಬುಡದಲ್ಲಿ ಕಪ್ಪು ಚುಕ್ಕೆ ಬಂದಾಗ ಅಳೆಯಿರಿ. ಸಾಲಿನ ಅಂತರ 60 ಸೆಂ.ಮೀ. ಇದ್ದರೆ ಒಂದು ಮೀಟರ್ ಚೌಕಟ್ಟು ಹಾಕಬೇಡಿ, ಒಮ್ಮೆ ಒಂದು ಸಾಲು, ಒಮ್ಮೆ ಎರಡು ಸಾಲು ಸಿಕ್ಕಿ ಲೆಕ್ಕ ಕೆಡುತ್ತದೆ. ಎರಡು ಸಾಲನ್ನು 1.67 ಮೀಟರ್ ಉದ್ದಕ್ಕೆ ಕೊಯ್ದರೆ ಸರಿಯಾಗಿ 2 ಚದರ ಮೀಟರ್. ಬದುವಿನಿಂದ ಐದು ಮೀಟರ್ ಬಿಟ್ಟು ಒಳಭಾಗದಲ್ಲಿ, ಹೊಲದ ಐದು ಕಡೆ ಹೀಗೆ ಕೊಯ್ದು ನೆಲಮಟ್ಟದಿಂದ ತೆನೆಯವರೆಗೆ ಎಲ್ಲವನ್ನೂ ಹಸಿಯಾಗಿ ತೂಗಿ. ಕೊಚ್ಚಿ ಬೆರೆಸಿ ಅದರಲ್ಲಿ 500 ಗ್ರಾಂ ಬೇರೆ ತೆಗೆದು, 70 ಡಿಗ್ರಿಯ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ. ಓವನ್ ಇಲ್ಲದೆ ಬಿಸಿಲಿಗೆ ಒಣಗಿಸಿದರೆ ಇನ್ನೂ 10% ತೇವ ಉಳಿದಿದೆ ಎಂದು ಕಳೆಯಿರಿ. ಬಂದ ಒಣ ತೂಕಕ್ಕೆ ಬೇರಿನ ಬಾಬ್ತು 15–20% ಸೇರಿಸಿ 0.45ರಿಂದ ಗುಣಿಸಿದರೆ ಇಂಗಾಲ. ಕೆಳಗಿನ ಎಲೆಗಳು ಆಗಲೇ ಉದುರಿರುತ್ತವೆ, ಅವನ್ನೂ ನೆಲದಿಂದ ಆರಿಸಿ ಚೀಲಕ್ಕೆ ಹಾಕಿ.

ಇದನ್ನು ಸೆಂಟಿನೆಲ್–2ರ ಜೊತೆ ಹೋಲಿಸಿ. ಅದರ ಪಿಕ್ಸೆಲ್ 10 ಮೀಟರ್, ಎರಡು ಎಕರೆಗೆ ಎಂಬತ್ತು ಸಿಗುತ್ತವೆ. ಅಂಚಿನ ಒಂದು ಸುತ್ತು ಬಿಟ್ಟುಬಿಡಿ, ಅದರಲ್ಲಿ ಬದುವಿನ ಬೇವಿನ ಮರದ ಹಸಿರೂ ಸೇರಿರುತ್ತದೆ.